ಮೇಸ್ತ್ರಿಯ ಕೈ, ಮೇಸ್ತ್ರಿಯ ನೆಲ

"ಬರೋ ಭಾನುವಾರ ನನ್ನ ಷಡ್ಡಕನ್ನ ಈ ಮೇಜಿನ ಮೇಲೆ ಮಕಾಡೆ ಮಲಗಿಸದೇ ಇದ್ರೆ, ನಾನು ಕರಣೆ ಹಿಡಿಯೋದನ್ನೇ ಬಿಟ್ಟುಬಿಡ್ತೀನಿ!" ಎಂದು ಮೇಸ್ತ್ರಿ ಮೇಜು ಗುದ್ದಿ ಘೋಷಿಸಿದಾಗ, ಅವನ ಹೆಂಡತಿ ಅದೇ ಮೇಜಿನ ಮೇಲೆ ಒಗೆದ ಬಟ್ಟೆ ಮಡಿಸುತ್ತಿದ್ದಳು.

"ಮೊದ್ಲು ಆ ಟವೆಲ್ ಮೇಲಿಂದ ಕೈ ತೆಗೀರಿ. ಸಿಮೆಂಟು ಅಂಟುತ್ತೆ," ಅಂದಳು.

ಇತಿಹಾಸದ ಮಹಾ ಪ್ರತಿಜ್ಞೆಗಳೆಲ್ಲ ಇಂಥ ಟವೆಲ್ಲಿನ ಮೇಲೆಯೇ ಆಗಿರಬೇಕು. ಬರೆದವರು ಟವೆಲ್ಲನ್ನು ಬಿಟ್ಟಿದ್ದಾರೆ, ಅಷ್ಟೆ.

ಈ ಮೇಸ್ತ್ರಿ ಅಂತಿಂಥ ಮೇಸ್ತ್ರಿಯಲ್ಲ. ಅವನು ಎಬ್ಬಿಸಿದ ಗೋಡೆಗೆ ಬೆನ್ನು ಕೊಟ್ಟರೆ ತೂರಾಡುವವನೂ ಸಿಪಾಯಿಯ ಹಾಗೆ ನೆಟ್ಟಗೆ ನಿಲ್ಲುತ್ತಿದ್ದ. ಅವನು ಹಾಕಿದ ನೆಲದ ಮೇಲೆ ಪಾದರಸ ಚೆಲ್ಲಿದರೆ, ಯಾವ ಕಡೆ ಹೋಗಬೇಕೆಂದು ತಿಳಿಯದೆ ಅದು ಕೂತಲ್ಲೇ ಕೂತು ಮುಪ್ಪಾಗುತ್ತಿತ್ತು. ಇದೆಲ್ಲ ನಾನು ಹೇಳುತ್ತಿರುವುದಲ್ಲ, ಅವನೇ ಹೇಳಿದ್ದು. ಅದರಲ್ಲೂ ತನ್ನ ಮನೆಯ ನಡುಮನೆಯ ನೆಲವೆಂದರೆ ಅವನಿಗೆ ಪಂಚಪ್ರಾಣ. ಮದುವೆಯಾದ ಹೊಸತರಲ್ಲಿ ತಾನೇ ಮಂಡಿಯೂರಿ ಹಾಕಿದ ನೆಲ. ಮನೆಗೆ ಬಂದವರಿಗೆ ಕುರ್ಚಿ ತೋರಿಸುವ ಮೊದಲು ನೆಲ ತೋರಿಸುತ್ತಿದ್ದ.

"ನೋಡಿ, ನಮ್ಮನೆ ನೆಲದ ಮೇಲೆ ನೀರು ಕೂಡ ನಿಲ್ಲೋಕೆ ಹೆದರುತ್ತೆ! ಇವಳು ಒಂದು ಬಕೆಟ್ ಎರಚಿದ್ರೆ ಸಾಕು, ಹೇಳಿಸಿಕೊಂಡ ಹಾಗೆ ತಾನೇ ಬೀದಿ ಬಾಗಿಲಿಂದ ಆಚೆ ಹೋಗುತ್ತೆ. ಅಷ್ಟು ನುಣುಪು!"

ಹೆಂಡತಿ ಆಗೆಲ್ಲ ತುಟಿ ಕಚ್ಚಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಗಂಡನ ಮೇಲಿನ ಅಭಿಮಾನ ಉಕ್ಕಿ ಬರುತ್ತಿದೆ, ಪಾಪ, ತಡೆದುಕೊಳ್ಳುತ್ತಿದ್ದಾಳೆ ಎಂದು ಮೇಸ್ತ್ರಿ ತಿಳಿದಿದ್ದ.

ಇಂಥ ನೆಲದ ಮೇಲೆ ಪೂಲ್ ಮೇಜು ಬಂದು ಕೂತದ್ದು ಹೀಗೆ. ಊರಿನ ಹಳೆಯ ಕ್ಲಬ್ಬೊಂದನ್ನು ಕೆಡವಿ ಗೋದಾಮು ಮಾಡುವ ಕೆಲಸ ಮೇಸ್ತ್ರಿಗೆ ಸಿಕ್ಕಿತು. ಒಳಗಿದ್ದ ಮೇಜನ್ನು ಯಾರೂ ಕೇಳುವವರಿರಲಿಲ್ಲ. ಹಸಿರು ಬಟ್ಟೆಯ ಕೆಳಗೆ ಪೂರ್ತಿ ಕಲ್ಲಿನ ಹಾಸು. ಆನೆಯನ್ನು ನಾಲ್ಕು ಕಾಲು ಮಡಿಸಿ ಮಲಗಿಸಿದಷ್ಟು ಭಾರ. ಕೆಲಸದವರೆಲ್ಲ ಸೇರಿ ಅದನ್ನು ಹೊತ್ತು ತಂದು ನಡುಮನೆಯಲ್ಲಿ ಇಳಿಸಿದಾಗ ಸೋಫಾ ಅಡುಗೆಮನೆಗೆ ಹೋಯಿತು, ಅಡುಗೆಮನೆಯ ಡಬ್ಬಗಳು ಮಂಚದ ಕೆಳಗೆ ಹೋದವು, ಮೇಸ್ತ್ರಿಯ ಮಾನ ಮಾತ್ರ ಆಕಾಶಕ್ಕೆ ಏರಿತು.

ಕ್ಲಬ್ಬಿನಲ್ಲಿ ಬೋರ್ಡಿನ ಮೇಲೆ ಆಟದ ಅಂಕ ಬರೆಯುತ್ತ ಕೂದಲು ಹಣ್ಣಾದ ಮಾರ್ಕರ್ ಒಬ್ಬ ಮೇಜನ್ನು ಬೀಳ್ಕೊಡುತ್ತ ಮೇಸ್ತ್ರಿಗೆ ಉಪದೇಶ ಮಾಡಿದ್ದ: "ಆಟ ಗೀಟ ಆಮೇಲೆ. ಮೊದ್ಲು ನೇರ ಏಟು ಕಲೀರಿ. ಗಲ್ಲ ಕೋಲಿಗೆ ತಾಗ್ಬೇಕು. ಮೊಣಕೈಯಿಂದ ಕೆಳಗಿನ ತೋಳು ತೂಗುಗುಂಡಿನ ಹಾಗೆ ನೇತಾಡ್ಬೇಕು. ಹೊಡೆದ ಮೇಲೆ ತಲೆ ಎತ್ಬಾರದು, ಕೋಲು ಮುಂದಕ್ಕೆ ನೇರ ಹೋಗ್ಬೇಕು. ಬಿಳಿ ಚೆಂಡು ಎದುರು ಅಂಚಿಗೆ ಬಡಿದು ವಾಪಸ್ ಬಂದು ನಿಮ್ಮ ಕೋಲಿನ ಮೂಗಿಗೇ ಮುತ್ತು ಕೊಟ್ರೆ, ನೀವು ಗೆದ್ರಿ ಅಂತ ಲೆಕ್ಕ."

"ತೂಗುಗುಂಡು!" ಎಂದು ಮೇಸ್ತ್ರಿ ಮಾರ್ಕರನನ್ನು ತಬ್ಬಿಕೊಂಡ. "ಅಯ್ಯೋ ಯಜಮಾನ್ರೇ, ಇದು ಆಟ ಅಲ್ಲ, ನಮ್ಮ ಕಸುಬು! ಹುಟ್ಟಿದಾಗಿನಿಂದ ಇದನ್ನೇ ಅಲ್ವಾ ಮಾಡ್ತಿರೋದು!"

ಇಷ್ಟರಲ್ಲೇ ನಿಂತಿದ್ದರೆ ಕ್ಷೇಮವಿತ್ತು. ಆದರೆ ಅದೇ ವಾರ ಮಾವನ ಮನೆಯಲ್ಲಿ ಎಲ್ಲರೂ ಸೇರಿದ್ದರು. ಮಾವ ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ನಿವೃತ್ತಿಯಾದ ಮೇಲೂ ಚಪ್ಪಲಿಗಳನ್ನು ಸಾಲಾಗಿ ನಿಲ್ಲಿಸಿಯೇ ಒಳಗೆ ಬರುವ ಮನುಷ್ಯ. ಅವರು ಮಹಡಿಯ ಮೇಲೊಂದು ಕೋಣೆ ಕಟ್ಟಿಸುತ್ತಿದ್ದರು. ಅದರ ನೆಲ ಹಾಕುವ ಕೆಲಸ ತನ್ನದೇ ಎಂದು ಮೇಸ್ತ್ರಿ ನಂಬಿದ್ದ. ಹಿರಿಯಳಿಯ, ಅದೂ ಮೇಸ್ತ್ರಿ. ಬೇರೆ ಯಾರಿಗೆ ಹೋದೀತು? ಅಷ್ಟರಲ್ಲಿ ಕಿರಿಯಳಿಯ, ಅಂದರೆ ಮೇಸ್ತ್ರಿಯ ಷಡ್ಡಕ, ಬಾಯಿ ಹಾಕಿದ. ಅವನು ದರ್ಜಿ. ಬಟ್ಟೆಯನ್ನು ಕತ್ತರಿಯಿಂದ, ಮಾತನ್ನು ನಾಲಗೆಯಿಂದ ಕತ್ತರಿಸುವವನು.

"ಮಾವ, ನನ್ನ ಗಿರಾಕಿ ಒಬ್ರಿದಾರೆ, ದೊಡ್ಡ ಮೇಸ್ತ್ರಿ. ಮಷೀನಲ್ಲೇ ನೆಲ ಹಾಕ್ತಾರಂತೆ. ಭಾವನಿಗ್ಯಾಕೆ ಈ ವಯಸ್ಸಲ್ಲಿ ತೊಂದರೆ?"

"ವಯಸ್ಸಾ?" ಮೇಸ್ತ್ರಿ ಎದ್ದು ನಿಂತ. "ಮಾವ, ಭಾನುವಾರ ನಮ್ಮನೆಗೆ ಬನ್ನಿ. ನನ್ನ ನೆಲ ನೋಡಿ, ಆಮೇಲೆ ನನ್ನ ಕೈ ನೋಡಿ. ಪೂಲ್ ಮೇಜಿನ ಮೇಲೆ ಈ ಕತ್ತರಿ ಸಾಹೇಬನ ಎದುರು ನೇರ ಏಟು ಹೊಡೆದು ತೋರಿಸ್ತೀನಿ. ನನ್ನ ಕೈ, ನನ್ನ ನೆಲ, ಎರಡೂ ಗೆರೆ ಎಳೆದ ಹಾಗೆ!"

"ಆ ಮೇಜಿಗೆ ಮೂಲೆ ಮೂಲೆಗೂ ಬಲೆ ಜೇಬಿರುತ್ತಲ್ವಾ ಭಾವ?" ಅಂದ ದರ್ಜಿ. "ಜೇಬು ಅಂದ್ರೆ ನಂದೇ ಇಲಾಖೆ. ಬರ್ತೀನಿ."

ಡ್ರಿಲ್ ಮಾಸ್ತರು ಸುಮ್ಮನೆ ಗಡಿಯಾರ ನೋಡಿದರು. "ಭಾನುವಾರ. ಹತ್ತು ಗಂಟೆ," ಅಂದರು. ಅವರ ಬಾಯಲ್ಲಿ ಅದು ಪ್ರಳಯದ ಮುಹೂರ್ತದ ಹಾಗೆ ಕೇಳಿಸಿತು.

ಹೀಗೆ ಟವೆಲ್ಲಿನ ಮೇಲೆ ಪ್ರತಿಜ್ಞೆಯಾಯಿತು, ಸಾಧನೆ ಶುರುವಾಯಿತು.

ಮೇಸ್ತ್ರಿ ಅಡುಗೆಮನೆಯ ಕಡೆಯ ತುದಿಯಲ್ಲಿ ನಿಂತು, ಗಲ್ಲ ಕೋಲಿಗಿಟ್ಟು, ಉಸಿರು ಹಿಡಿದು, ಬಿಳಿ ಚೆಂಡನ್ನು ಹೊಡೆದ. ಚೆಂಡು ಹೊರಟಿತು. ಅರ್ಧ ದಾರಿಯವರೆಗೆ ಒಳ್ಳೆಯ ಮನೆತನದ ಹುಡುಗಿಯ ಹಾಗೆ ತಲೆ ತಗ್ಗಿಸಿ ನೇರ ಹೋಯಿತು. ಆಮೇಲೆ ಯಾರೋ ಬೀದಿ ಬಾಗಿಲಲ್ಲಿ ನಿಂತು ಕರೆದರೇನೋ ಎಂಬಂತೆ ಆ ಕಡೆಗೆ ವಾಲಿತು. ಅಂಚಿಗೆ ಬಡಿದು ವಾಪಸು ಬರುವಾಗ ಇನ್ನಷ್ಟು ವಾಲಿತು. ಕೋಲಿನ ಮೂಗು ಮುತ್ತಿಗಾಗಿ ಕಾಯುತ್ತಲೇ ಉಳಿಯಿತು.

"ನಿಮ್ಮ ಮೊಣಕೈ ಸೊಟ್ಟ ಹೋಗ್ತಿದೆ," ಅಂದಳು ಹೆಂಡತಿ, ಬಾಗಿಲಿಗೆ ಒರಗಿಕೊಂಡು.

"ನನ್ನ ಮೊಣಕೈಯಾ!"

ಅಂದಿನಿಂದ ಮೇಸ್ತ್ರಿ ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರದಲ್ಲಿ ಇಳಿಬಿಡುವ ನಿಜವಾದ ತೂಗುಗುಂಡನ್ನೇ ಮೊಣಕೈಗೆ ಕಟ್ಟಿಕೊಂಡ. ತೋಳು ಗುಂಡಿನ ದಾರಕ್ಕೆ ಸರಿಯಾಗಿ ಆಡುತ್ತಿದೆಯೇ ಎಂದು ಬಗ್ಗಿ ನೋಡುವಷ್ಟರಲ್ಲಿ ಗುಂಡು ತೂಗಿ ಬಂದು ಅವನ ಮಂಡಿಚಿಪ್ಪಿಗೆ ಹೊಡೆಯುತ್ತಿತ್ತು. ಆ ಗುಂಡಿನ ಗುರಿ ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಕುಂಟುತ್ತಲೇ ಕೆಲಸಕ್ಕೆ ಹೋದ, ಕುಂಟುತ್ತಲೇ ಬಂದ. ಚೆಂಡು ಬೀದಿ ಬಾಗಿಲಿನ ಮೋಹ ಬಿಡಲಿಲ್ಲ.

ಆಮೇಲೆ ನೀಲಿ ಪುಡಿ ಮೆತ್ತಿದ ದಾರವನ್ನು ಮೇಜಿನ ಉದ್ದಕ್ಕೆ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಫಟ್ಟೆಂದು ಬಿಟ್ಟು ಗೆರೆ ಹೊಡೆದ. ಕಲ್ಲು ಕೂರಿಸುವಾಗ ಮೇಸ್ತ್ರಿಗಳು ಹೊಡೆಯುವ ಗೆರೆ; ಅದಕ್ಕಿಂತ ನೇರವಾದದ್ದು ಸೃಷ್ಟಿಯಲ್ಲಿಲ್ಲ. ಗೆರೆಯ ಮೇಲೆ ಚೆಂಡಿಟ್ಟು, ಗೆರೆಯ ಮೇಲೆ ಕೋಲಿಟ್ಟು ಹೊಡೆದ. ಚೆಂಡು ಗೆರೆಯನ್ನು ಅರ್ಧಕ್ಕೇ ತೊರೆದು ಸನ್ಯಾಸ ತೆಗೆದುಕೊಂಡಿತು.

ಹೆಂಡತಿಗೆ ಗೆರೆಯ ಸಂಗತಿ ಗೊತ್ತಿರಲಿಲ್ಲ. ಎಂದಿನಂತೆ ಮೇಜಿನ ಮೇಲೆ ಬಟ್ಟೆ ಮಡಿಸಿದಳು. ಮರುದಿನ ಮೇಸ್ತ್ರಿ ಬಿಳಿ ಅಂಗಿ ತೊಟ್ಟು ಬೀದಿಗಿಳಿದಾಗ, ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನ ಮೇಲೆ ನೀಲಿ ಗೆರೆ! ದರ್ಜಿಯ ಅಂಗಡಿಯ ಮುಂದೆಯೇ ಹಾದುಹೋಗಬೇಕೆ?

"ಭಾವಾ! ಬೆನ್ನಿಗೆ ಗುರುತು ಹಾಕಿಸ್ಕೊಂಡು ಬಂದಿದ್ದೀರಲ್ಲ! ನಿಂತ್ಕೊಳ್ಳಿ, ಗೆರೆ ಮೇಲೇ ಕತ್ತರಿಸಿಬಿಡ್ತೀನಿ!" ಎಂದು ದರ್ಜಿ ಕತ್ತರಿ ಎತ್ತಿಕೊಂಡು ಮೆಟ್ಟಿಲಿಳಿದೇಬಿಟ್ಟ. ಅಂಗಡಿಯಲ್ಲಿ ಅಳತೆ ಕೊಡುತ್ತ ನಿಂತಿದ್ದವರು ಅಳತೆ ಮರೆತು ನಕ್ಕರು. ಆಮೇಲೆ ಅವರ ಪ್ಯಾಂಟುಗಳೆಲ್ಲ ಸೊಂಟದಲ್ಲಿ ಸಡಿಲವಾದವೆಂದು ಸುದ್ದಿ.

ಶನಿವಾರ ಸಂಜೆ ಹೆಂಡತಿ ಕೇಳಿದಳು: "ಒಂದ್ಸಲ ರಸಮಟ್ಟ ಇಟ್ಟು ನೋಡ್ಬಾರ್ದಾ?"

ರಸಮಟ್ಟವೆಂದರೆ ಗಾಜಿನ ಕೊಳವೆಯಲ್ಲಿ ಗುಳ್ಳೆಯಿರುವ ಪಟ್ಟಿ. ಗುಳ್ಳೆ ನಡುವೆ ನಿಂತರೆ ಮಟ್ಟ ಸರಿ; ಎತ್ತರವಿದ್ದ ಕಡೆಗೆ ಓಡಿದರೆ ಮಟ್ಟ ಹೋಯಿತು ಎಂದರ್ಥ. ಮೇಸ್ತ್ರಿಯ ಮುಖ ಕೆಂಪಾಯಿತು.

"ನಾನು ಹಾಕಿದ ನೆಲಕ್ಕೆ ರಸಮಟ್ಟವಾ! ಹೆತ್ತ ತಾಯಿ ಹತ್ರ ಗುರುತಿನ ಚೀಟಿ ಕೇಳ್ತಾರೇನೇ?"

"ಹಾಗಾದ್ರೆ ಮೊಣಕೈಯೇ ಸೊಟ್ಟ," ಎಂದು ಅವಳು ಬೇಳೆ ತೊಳೆಯಲು ಹೋದಳು.

ಭಾನುವಾರ ಬೆಳಿಗ್ಗೆ ಅವಳು ಹಾಲು ತರಲು ಹೋದದ್ದೇ ತಡ, ಮೇಸ್ತ್ರಿ ಕಳ್ಳನ ಹಾಗೆ ಬಾಗಿಲು ಮುಂದೆ ಮಾಡಿ, ತನ್ನದೇ ಚೀಲದಿಂದ ತನ್ನದೇ ರಸಮಟ್ಟವನ್ನು ಕದ್ದು, ಮೇಜಿನ ಅಡ್ಡಕ್ಕೆ ಇಟ್ಟ. ಗುಳ್ಳೆ ಬೀದಿ ಬಾಗಿಲಿಗೆ ಎದುರಿನ ಒಳಗೋಡೆಯ ಕಡೆಗೆ ಓಡಿಹೋಗಿ ಮುದುರಿ ಕೂತಿತು. ರಸಮಟ್ಟಕ್ಕೇ ತಲೆ ಕೆಟ್ಟಿದೆ ಎಂದು ತಿರುಗಿಸಿ ಇಟ್ಟ. ಗುಳ್ಳೆ ಮತ್ತೆ ಒಳಗೋಡೆಯ ಕಡೆಗೇ. ಮಂಡಿಯೂರಿ ನೆಲದ ಮೇಲೆ ಇಟ್ಟ.

ಅದೇ ಒಳಗೋಡೆ!

ಒಳಗೋಡೆ ಎತ್ತರ, ಬೀದಿ ಬಾಗಿಲು ತಗ್ಗು. ಅಂದರೆ ಅವನ ಮೊಣಕೈ ನೇರ, ಏಟು ನೇರ, ಕೋಲು ನೇರ, ಗೆರೆ ನೇರ. ಲೋಕಕ್ಕೆಲ್ಲ ತೋರಿಸಿ ಮೆರೆದ ನೆಲ ಮಾತ್ರ ವಾಲಿತ್ತು! ಮೇಸ್ತ್ರಿ ನೆಲಕ್ಕೆ ಅಂಗೈ ಒತ್ತಿ, ಜ್ವರ ಬಂದ ಮಗುವಿನ ಹಣೆ ಮುಟ್ಟಿದವನ ಹಾಗೆ, ಒಂದು ಗಳಿಗೆ ಹಾಗೇ ಕೂತ. ತನ್ನ ದಾರ ಸುಳ್ಳು ಹೇಳಿತೇ? ಅದು ಹೇಗೆ ಸಾಧ್ಯ?

ಆದರೆ ಯೋಚಿಸಲು ಹೊತ್ತಿಲ್ಲ. ಬಾಗಿಲ ಕಡೆಯ ಮೇಜಿನ ಕಾಲಿನಡಿಗೆ ಒಂದು ಹಂಚಿನ ಚೂರು ತುರುಕಿದರೆ ಮೇಜಾದರೂ ಮಟ್ಟಕ್ಕೆ ಬರುತ್ತದೆ! ಹಾರೆ ತಂದು, ಮೇಜಿನಡಿ ತೂರಿ, ಮೀಟಿದ. ಮೇಜು ಅಲ್ಲಾಡಲಿಲ್ಲ. ಬೆನ್ನು ಕೊಟ್ಟು ಎತ್ತಿದ. ಬೆನ್ನು ಅಲ್ಲಾಡಿತು. ಬಾಯಲ್ಲಿ ಹಂಚಿನ ಚೂರು, ಕಂಕುಳಲ್ಲಿ ಹಾರೆ. ಹಿಂದಕ್ಕೆ ಬರಲೂ ಆಗದೆ ಮುಂದಕ್ಕೆ ಹೋಗಲೂ ಆಗದೆ ಸಿಕ್ಕಿಕೊಂಡಿದ್ದಾಗ, ಅವನ ಮೂಗಿನ ಮುಂದೆ ಎರಡು ಚಪ್ಪಲಿಗಳು ಬಂದು, ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ನಿಂತವು.

"ಅಳಿಯಂದ್ರೇ, ಯಾಕೆ ಮೇಜಿನಡಿ ಇದ್ದೀರಿ?" ಎಂದಿತು ಮೇಲಿಂದ ಡ್ರಿಲ್ ಮಾಸ್ತರರ ದನಿ. ಅವರು ಎಲ್ಲಿಗೆ ಹೋದರೂ ಹೇಳಿದ ಹೊತ್ತಿಗಿಂತ ಮುಂಚೆಯೇ ಹೋಗುವವರು.

"ನೆಲ... ಒರೆಸ್ತಿದ್ದೆ ಮಾವ!"

"ಹಾರೇಲಿ?" ಅಂದ ಹಿಂದೆಯೇ ಬಂದ ದರ್ಜಿ. ಅವನ ಹಿಂದೆ ಅತ್ತೆ, ಅವರ ಹಿಂದೆ ಹಾಲಿನ ಪಾತ್ರೆ ಹಿಡಿದ ಹೆಂಡತಿ. ಎಲ್ಲರೂ ಸೇರಿ ಮೇಸ್ತ್ರಿಯನ್ನು ಕಾಲು ಹಿಡಿದು ಹೊರಗೆಳೆದರು.

ಚಹಾ ಮುಗಿಯಿತು. ಪಂದ್ಯದ ನಿಯಮವನ್ನು ಡ್ರಿಲ್ ಮಾಸ್ತರೇ ಹಾಕಿದರು. ಇಬ್ಬರೂ ಅಡುಗೆಮನೆಯ ಕಡೆಯಿಂದಲೇ ಹೊಡೆಯಬೇಕು. ಎದುರು ಮೂಲೆಯ ಜೇಬಿನ ಮುಂದೆ ಕೆಂಪು ಚೆಂಡು. ಬಿಳಿ ಚೆಂಡಿನಿಂದ ಅದನ್ನು ಒಳಗೆ ಕೆಡವಬೇಕು. ಹಿರಿಯಳಿಯ ಮೊದಲು.

ಮೇಸ್ತ್ರಿ ಬಗ್ಗಿದ. ನೋಡುವಂಥ ಭಂಗಿ! ಗಲ್ಲ ಕೋಲಿಗೆ, ಕಣ್ಣು ಕೆಂಪು ಚೆಂಡಿಗೆ, ತೋಳು ತೂಗುಗುಂಡಿನ ಹಾಗೆ ಮೆಲ್ಲಗೆ ಹಿಂದಕ್ಕೆ, ಮೆಲ್ಲಗೆ ಮುಂದಕ್ಕೆ. ಸ್ವಲ್ಪ ಆಚೆಗೆ ಗುರಿಯಿಟ್ಟರೆ ಗೆಲ್ಲಬಹುದೆಂದು ಅವನಿಗೆ ಗೊತ್ತಿಲ್ಲದೆ ಇಲ್ಲ. ಆದರೆ ಬೇಕೆಂದು ಸೊಟ್ಟ ಹೊಡೆಯಲು ಆ ಕೈ ಒಪ್ಪಬೇಕಲ್ಲ! ಅದು ಹುಟ್ಟಾ ನೇರದ ಕೈ. ನೇರವಾಗಿಯೇ ಹೊಡೆಯಿತು. ಹಳೆಯ ಮಾರ್ಕರ್ ಅಲ್ಲಿದ್ದಿದ್ದರೆ ಆನಂದಬಾಷ್ಪ ಸುರಿಸುತ್ತಿದ್ದ. ಚೆಂಡು ಬಾಗಿಲ ಕಡೆಗೆ ವಾಲಿ, ಕೆಂಪು ಚೆಂಡಿನ ಕೆನ್ನೆ ಸವರಿ, ಕುಶಲ ಕೇಳಿಕೊಂಡು ಮುಂದೆ ಹೋಯಿತು.

ಈಗ ದರ್ಜಿಯ ಸರದಿ. ವರ್ಷಗಟ್ಟಲೆ ಕಂಕುಳ ಸುತ್ತಿನ ಬಟ್ಟೆ ಕತ್ತರಿಸಿ ಅವನ ತೋಳು ಯಾವ ಕೆಲಸಕ್ಕೂ ಸುತ್ತು ಬಳಸಿಕೊಂಡೇ ಹೋಗುತ್ತಿತ್ತು. ಕೋಲನ್ನು ಇಸ್ತ್ರಿಪೆಟ್ಟಿಗೆಯ ಹಾಗೆ ಹಿಡಿದ. ನೆಟ್ಟಗೆ ನಿಂತೇ, ಅತ್ತೆಯ ಜೊತೆ ಮಾತಾಡುತ್ತ, ಮೊಣಕೈಯನ್ನು ಕುಡುಗೋಲಿನ ಹಾಗೆ ಬೀಸಿದ. ಚೆಂಡು ಒಳಗೋಡೆಯ ಕಡೆಗೆ ಸೊಟ್ಟ ಹೊರಟಿತು. ಮೇಸ್ತ್ರಿ ಒಳಗೊಳಗೇ ಹಿಗ್ಗಿದ. ಅಷ್ಟರಲ್ಲಿ ನೆಲ ತನ್ನ ಕೆಲಸ ಮಾಡಿತು. ಸೊಟ್ಟ ಹೊರಟ ಚೆಂಡು ನಿಧಾನವಾಗಿ ಬಾಗಿಲ ಕಡೆಗೆ ತಿರುಗಿ, ಸರಿದಾರಿಗೆ ಬಂದು, ಕೆಂಪು ಚೆಂಡಿನ ಹಣೆಗೇ ಬಡಿಯಿತು. ಕೆಂಪು ಚೆಂಡು ಜೇಬಿನೊಳಗೆ ಬಿತ್ತು.

ಮೇಸ್ತ್ರಿ ಹೊಡೆದಷ್ಟೂ ನೇರ, ಬೀಳದು. ದರ್ಜಿ ಹೊಡೆದಷ್ಟೂ ಸೊಟ್ಟ, ತಪ್ಪದು. ತಾನೇ ಮಂಡಿಯೂರಿ ಹಾಕಿದ ನೆಲ ತನ್ನ ಕಣ್ಣೆದುರೇ ಷಡ್ಡಕನ ಪಕ್ಷ ಸೇರಿದ್ದನ್ನು ಮೇಸ್ತ್ರಿ ಹಲ್ಲು ಕಚ್ಚಿಕೊಂಡು ನೋಡಿದ.

"ಸಾಕು," ಎಂದರು ಡ್ರಿಲ್ ಮಾಸ್ತರು, ಸೀಟಿ ಊದಿದ ಹಾಗೆ. "ಅಳಿಯಂದ್ರೇ, ಕೈ ನೇರ, ನೆಲ ನೇರ ಅಂದಿದ್ರಿ. ಚೆಂಡು ಮಾತ್ರ ಸೊಟ್ಟ ಹೋಗ್ತಿದೆ. ಒಂದೋ ಕೈ ಡೊಂಕು, ಇಲ್ಲ ನೆಲ ಡೊಂಕು. ಯಾವುದು?"

ದರ್ಜಿಯ ತುಟಿಯ ತುದಿಗೆ ಒಂದು ಗಾದೆ ಬಂದು ನಿಂತಿತ್ತು. ಮೇಸ್ತ್ರಿ ಕಣ್ಣು ಕೆಕ್ಕರಿಸಿ ಅದನ್ನು ಅಲ್ಲೇ ತಡೆದ.

ನೆಲ ಎಂದರೆ ಮಹಡಿ ಕೋಣೆ ಹೋಯಿತು, ಕಸುಬು ಹೋಯಿತು, ಮೇಸ್ತ್ರಿ ಎಂಬ ಹೆಸರೇ ಹೋಯಿತು. ಕೈ ಎಂದರೆ ಇಷ್ಟು ದಿನ ಮಂಡಿ ಒಡೆದುಕೊಂಡು ಸಾಧಿಸಿದ ನೇರ ಏಟು ಹೋಯಿತು. ಅದೂ ಇಸ್ತ್ರಿಪೆಟ್ಟಿಗೆ ಹಿಡಿದವನೆದುರು! ಮೇಸ್ತ್ರಿ ಒಮ್ಮೆ ಕೈ ನೋಡಿಕೊಂಡ, ಒಮ್ಮೆ ನೆಲ ನೋಡಿದ. ರಾಜ್ಯಕ್ಕಾಗಿ ಮಗನನ್ನು ಯುದ್ಧಕ್ಕೆ ಕಳಿಸುವ ರಾಜನ ಹಾಗೆ ಗಂಟಲು ಸರಿಮಾಡಿಕೊಂಡ.

"ಕೈ, ಮಾವ. ಕೈಯೇ ಡೊಂಕು."

"ಹಾಗೆ ಒಪ್ಕೊಳ್ಳಿ ಭಾವ!" ಎಂದು ದರ್ಜಿ ಚಪ್ಪಾಳೆ ತಟ್ಟಿದ.

"ಪರವಾಗಿಲ್ಲ," ಅಂದರು ಮಾಸ್ತರು. "ನಾನು ಬಂದಿದ್ದು ನೆಲ ನೋಡೋಕೆ. ಕೈ ಆಟಕ್ಕೆ, ನೆಲ ಬಾಳೋಕೆ. ನೆಲ ನೇರ ಇದ್ರೆ ಕೆಲಸ ನಿಮ್ದೇ."

ಮೇಸ್ತ್ರಿಗೆ ಹೋದ ಜೀವ ಬಂತು. ಬಂದ ಜೀವ ಸುಮ್ಮನಿರಬೇಕಲ್ಲ! ತನ್ನ ಡೊಂಕನ್ನು ಇನ್ನಷ್ಟು ಗಟ್ಟಿಮಾಡಲು ಹೊರಟ. "ನೋಡಿ ಮಾವ, ನನ್ನ ಮೊಣಕೈ ಹಿಂದಕ್ಕೆ ಹೋಗುವಾಗ ಹೀಗೆ..." ಎಂದು ಕೋಲನ್ನು ಜೋರಾಗಿ ಹಿಂದಕ್ಕೆ ಎಳೆದ. ಹಿಂದೆ, ಒಳಗೋಡೆಯ ಪಕ್ಕದಲ್ಲಿ, ಅಪ್ಪನಿಗೆಂದು ನೀರಿನ ಜಗ್ಗು ಹಿಡಿದು ಹೆಂಡತಿ ನಿಂತಿದ್ದಳು. ಕೋಲಿನ ಬುಡ ನೇರವಾಗಿ ಜಗ್ಗಿನ ಹೊಟ್ಟೆಗೆ ಬಡಿಯಿತು. ಅವನ ಆ ದಿನದ ಗುರಿ ಮುಟ್ಟಿದ ಏಟು ಅದೊಂದೇ.

ಜಗ್ಗು ಬಿತ್ತು. ನೀರು ಹರಡಿತು. ಎಲ್ಲರೂ ನೋಡುತ್ತಿದ್ದಂತೆ ನೀರು ಒಂದು ಕ್ಷಣ ನಿಂತು, ಯೋಚಿಸಿ, ಆಮೇಲೆ ಮೇಜಿನಡಿ ನುಗ್ಗಿ, ದರ್ಜಿಯ ಎರಡು ಕಾಲುಗಳ ನಡುವೆ ಹಾದು, ಒಂದು ಹನಿಯೂ ಹಿಂದುಳಿಯದಂತೆ ಸಾಲುಗಟ್ಟಿ ಬೀದಿ ಬಾಗಿಲು ದಾಟಿ ಮೆಟ್ಟಿಲಿಳಿದು ಹೋಯಿತು. ಡ್ರಿಲ್ ಮಾಸ್ತರರ ಶಾಲೆಯ ಮಕ್ಕಳು ಎಂದೂ ಅಷ್ಟು ಶಿಸ್ತಾಗಿ ಮನೆಗೆ ಹೋಗಿರಲಿಲ್ಲ.

ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಕೈಯೂ ಹೋಯಿತು, ನೆಲವೂ ಹೋಯಿತು.

"ಅಯ್ಯಯ್ಯೋ!" ಎಂದು ಅತ್ತೆ ಕೂಗಿದರು. "ರೀ, ನೋಡಿದ್ರಾ! ನೀರು ತಾನಾಗೇ ಹೋಯ್ತು! ನಮ್ಮನೇಲಿ ತೊಳೆದ ನೀರು ಕೆರೆ ಹಾಗೆ ನಿಲ್ಲುತ್ತೆ, ಬಗ್ಗಿ ಬಗ್ಗಿ ಒರೆಸಿ ನನ್ನ ಸೊಂಟ ಬಿದ್ದುಹೋಯ್ತು. ಮಹಡಿ ಕೋಣೆಗೆ ಇಂಥದ್ದೇ ವಾಟ ಬೇಕು. ಇದೇ ನೆಲ ಬೇಕು ನನಗೆ!"

ನೀರು ಹರಿದುಹೋಗಲೆಂದು ಕೊಡುವ ಇಳಿಜಾರಿಗೆ ವಾಟ ಎನ್ನುತ್ತಾರೆ. ಬಚ್ಚಲಿಗೆ ಕೊಡುವುದುಂಟು; ನಡುಮನೆಗೆ ಕೊಟ್ಟವರನ್ನು ಡ್ರಿಲ್ ಮಾಸ್ತರು ಕಂಡಿರಲಿಲ್ಲ. ಬಗ್ಗಿ, ಕಣ್ಣು ಕಿರಿದು ಮಾಡಿ, ನೆಲವನ್ನು ಉದ್ದಕ್ಕೂ ನೋಡಿದರು.

"ಎಲ್ಲೂ ಉಬ್ಬಿಲ್ಲ, ತಗ್ಗಿಲ್ಲ. ಒಂದೇ ಸಮ ಇಳಿದಿದೆ. ಅಳಿಯಂದ್ರೇ, ಇದು ಬೇಕಂತಲೇ ಕೊಟ್ಟಿದ್ದು ತಾನೆ?"

ಮೇಸ್ತ್ರಿಯ ಕಣ್ಣು ತೆರೆಯಿತು. ಎದೆ ಒಂದು ಗೇಣು ಮುಂದೆ ಬಂತು. "ಮತ್ತೆ! ಬೇಕಂತಲೇ ಮಾವ! ಇಂಥ ವಾಟ ಮಷೀನಿಂದ ಆಗುತ್ತಾ? ಕೈ ಬೇಕು, ಕೈ!" ಅಷ್ಟರಲ್ಲಿ ಇನ್ನೊಂದು ಹೊಳೆಯಿತು. "ಅಂದ್ಮೇಲೆ ಮಾವ, ನನ್ನ ಏಟು ನೇರವಾಗೇ ಇತ್ತು! ಡೊಂಕು ಇವನದು! ಇನ್ನೊಂದ್ಸಲ ಆಡಿಸಿ..."

"ಡೊಂಕು ಅಂತ ನಿಮ್ಮ ಬಾಯಿಂದಲೇ ಒಪ್ಕೊಂಡಾಗಿದೆ," ಎಂದರು ಮಾಸ್ತರು ಚಪ್ಪಲಿ ಮೆಟ್ಟಿಕೊಳ್ಳುತ್ತ. "ನನ್ನ ಮುಂದೆ ಮಾತು ಬದಲಾಯಿಸೋ ಹಾಗಿಲ್ಲ. ಸೋಮವಾರ ಕೆಲಸ ಶುರು ಮಾಡಿ. ಆರು ಗಂಟೆ."

"ಭಾವ, ಬೇಜಾರು ಮಾಡ್ಕೋಬೇಡಿ," ಎಂದು ದರ್ಜಿ ಹೊಸ್ತಿಲಲ್ಲಿ ನಿಂತು ಹಲ್ಲು ಕಿರಿದ. "ಆ ನೀಲಿ ಗೆರೆ ಅಂಗಿ ತಂದ್ಕೊಡಿ. ಪುಕ್ಕಟೆ ಒಗೆಸಿಕೊಡ್ತೀನಿ."

ಎಲ್ಲರೂ ಹೋದ ಮೇಲೆ ಮೇಸ್ತ್ರಿ ಮೇಜಿನ ಅಂಚಿನಲ್ಲಿ ಬಿದ್ದಿದ್ದ ಟವೆಲ್ಲಿನ ಮೇಲೆ ಕೂತು ಮೀಸೆ ನೇವರಿಸಿದ. ಕೆಲಸ ಸಿಕ್ಕಿತ್ತು, ಹೆಮ್ಮೆ ಮುಕ್ಕಾಲು ಉಳಿದಿತ್ತು. ಆದರೂ ಒಂದು ಮುಳ್ಳು ಚುಚ್ಚುತ್ತಲೇ ಇತ್ತು.

"ಅಲ್ಲ ಕಣೇ, ಆ ನೆಲ ಹಾಕುವಾಗ ನಾನೇ ಎರಡೂ ಗೋಡೆಗೆ ಮೊಳೆ ಹೊಡೆದು ಮಟ್ಟದ ದಾರ ಕಟ್ಟಿದ್ದೆ. ದಾರ ನೋಡ್ಕೊಂಡೇ ನೆಲ ಎಳೆದಿದ್ದು. ನನ್ನ ದಾರ ಹೇಗೆ ತಪ್ಪಿತು?"

ಹೆಂಡತಿ ಮೇಜಿನ ಇನ್ನೊಂದು ತುದಿಯಲ್ಲಿ ಒಗೆದ ಬಟ್ಟೆ ಸುರಿದಳು.

"ನಾನು ಆವಾಗಲೇ ಕೇಳಿರ್ಲಿಲ್ವಾ, ಬಾಗಿಲ ಕಡೆ ಸ್ವಲ್ಪ ವಾಟ ಕೊಡಿ, ತೊಳೆಯೋಕೆ ಸುಲಭ ಆಗುತ್ತೆ ಅಂತ? 'ಮಟ್ಟ ಅಂದ್ರೆ ಮಟ್ಟ, ಹೆಂಗಸರಿಗೇನು ಗೊತ್ತು' ಅಂದ್ರಿ. ನೀವು ಊಟಕ್ಕೆ ಕೂತಾಗ ಬಾಗಿಲ ಕಡೆ ಮೊಳೆ ಕಿತ್ತು, ಒಂದು ಬೆರಳು ಕೆಳಗೆ ನಾನೇ ಹೊಡೆದೆ."

ಮೇಸ್ತ್ರಿಯ ಬಾಯಿ ತೆರೆದೇ ಉಳಿಯಿತು. "ಸುತ್ತಿಗೆ ಸದ್ದು ಕೇಳಿಸ್ಲೇ ಇಲ್ವಲ್ಲೇ!"

"ಹೇಗೆ ಕೇಳಿಸುತ್ತೆ? ನಿಮ್ಮ ಹಾಗೆ ವಾರವಿಡೀ ಹೊಡೀತಾ ಇದ್ನಾ?" ಎಂದು ಅವಳು ಇನ್ನೊಂದು ಟವೆಲ್ಲಿನ ತುದಿಗೆ ತುದಿ ಕೂಡಿಸಿ, ಕೊಡವಿ, ಮಡಿಸಿಟ್ಟಳು. "ಒಂದೇ ಏಟು. ನೇರವಾಗಿ ಹೋಯ್ತು. ಸೋಮವಾರ ದಾರ ನೀವು ಕಟ್ಟಿ, ಮೊಳೆ ನಾನು ಹೊಡೀತೀನಿ. ಈಗ ಆ ಟವೆಲ್ ಮೇಲಿಂದ ಏಳಿ."